ಚೈತ್ರದಲ್ಲಿ ಮಳೆ ಹುಡುಕಿ ಹೊರಟದ್ದು

ಕಳೆದ ವಾರ ಅಟ್ಟದ ಮೇಲಿದ್ದ ಹಿತ್ತಾಳೆ ಪಾತೇಲಿಯನ್ನು ಇಳಿಸಲು ಏಣಿ ಹತ್ತಿದವನ ತಲೆಯ ಮೇಲೆ ಒಂದು ಪ್ಯಾಂಟು ಬಿತ್ತು. ಅಟ್ಟದಿಂದ ಏನಾದರೂ ಬೀಳುವುದು ನಮ್ಮ ಮನೆಯಲ್ಲಿ ವಿಶೇಷವಲ್ಲ. ಈವರೆಗೆ ಅಲ್ಲಿಂದ ತೊಟ್ಟಿಲಿನ ಕಾಲು ಬಿದ್ದಿದೆ, ಕೆಟ್ಟ ಇಸ್ತ್ರಿ ಪೆಟ್ಟಿಗೆ ಬಿದ್ದಿದೆ, ಒಂದು ದೀಪಾವಳಿಯ ಸ್ವಚ್ಛತೆಯಲ್ಲಿ ನಾನೂ ಬಿದ್ದಿದ್ದೇನೆ. ಆದರೆ ಈ ಪ್ಯಾಂಟು ಬಿದ್ದ ರೀತಿಯೇ ಬೇರೆ. ಒಣಗಿದ ಗರಿಯನ್ನು ನೆಲದ ಮೇಲೆ ಎಳೆದಂತೆ ಸರಸರ ಸದ್ದು ಮಾಡುತ್ತ ಬಿತ್ತು. ಕಡು ನೀಲಿ ಬಣ್ಣ, ಸೊಂಟಕ್ಕೆ ಎಲಾಸ್ಟಿಕ್, ಪಾದದ ಹತ್ತಿರ ಜಿಪ್ಪು. ನೀರನ್ನು ಒಳಗೆ ಬಿಡದ, ಬೆವರನ್ನು ಹೊರಗೆ ಬಿಡದ, ತೊಟ್ಟವನು ನಡೆದರೆ ಪಕ್ಕದ ಓಣಿಗೂ ವರ್ತಮಾನ ಮುಟ್ಟಿಸುವ ಜಾತಿಯ ಪ್ಯಾಂಟು. ಇದನ್ನು ತೊಟ್ಟು ನಾಸಿಕದ ಬೀದಿಯಲ್ಲಿ ಹೊರಟರೆ ಗೋದಾವರಿ ಘಾಟಿನ ಮೇಕೆಗಳೂ ದಾರಿ ಬಿಟ್ಟು ನಿಲ್ಲುತ್ತವೆ. ಇಂಥ ವಸ್ತು ನನ್ನಂಥ ಗೃಹಸ್ಥನ ಅಟ್ಟ ಸೇರಿದ ಬಗೆ ನೆನಪಾಗಿ, ಏಣಿಯ ನಡುಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ. ಕೆಳಗೆ ಅಡಿಗೆಮನೆಯಿಂದ ಪಾತೇಲಿಯ ವಿಚಾರಣೆ ನಡೆದೇ ಇತ್ತು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಿಂದ ನಾನು ಆಗಷ್ಟೇ ನಿವೃತ್ತನಾಗಿದ್ದೆ. ತಪಾಸಣೆ ಎಂದರೆ ಬೇರೆಯವರು ಮಾಡಿಟ್ಟ ಕೆಲಸವನ್ನು ಬೆಳಕಿಗೆ ಹಿಡಿದು ಮುಖ ಸಿಂಡರಿಸುವ ಉದ್ಯೋಗ. ಮುಖ ಸಿಂಡರಿಸುವುದಕ್ಕೆ ಗದಗಿನಿಂದ ಇಷ್ಟು ದೂರ ಬರಬೇಕಿತ್ತೇ ಎಂದು ಮೊದಮೊದಲು ಅನಿಸುತ್ತಿತ್ತು. ಕ್ರಮೇಣ ಮುಖವೇ ಹಾಗೆ ನಿಂತಿತು. ನಿವೃತ್ತಿಯ ನಂತರ ನೋಡಲು ವಿಮಾನಗಳಿಲ್ಲದ ಕಾರಣ ಮನೆಯ ಕುಕ್ಕರಿನ ಶಿಳ್ಳೆ, ಹಾಲಿನವನ ಅಳತೆ, ಎದುರುಮನೆಯ ಕಂಪೌಂಡಿನ ಓರೆ, ಇವುಗಳ ಮೇಲೆ ನನ್ನ ಸೇವೆಯನ್ನು ಮುಂದುವರಿಸಿದ್ದೆ. ಜನ ಇದಕ್ಕೆ ಕೃತಜ್ಞರಾಗಿರಲಿಲ್ಲ.

ಆ ವರ್ಷದ ಯುಗಾದಿಯ ಬೆಳಿಗ್ಗೆ. ನಾಸಿಕದಲ್ಲಿ ಅದು ಮನೆಮನೆಯ ಕಿಟಕಿಗೆ ಕೋಲು, ರೇಶ್ಮೆ ಬಟ್ಟೆಯ ಗುಡಿ ಕಟ್ಟುವ ಪಾಡ್ವಾ. ಹುಟ್ಟಿದ ನಾಡಿಗೂ ಅನ್ನ ಕೊಟ್ಟ ಊರಿಗೂ ಬೇಸರವಾಗದಂತೆ ನಮ್ಮ ಮನೆಯಲ್ಲಿ ಬೇವು-ಬೆಲ್ಲವೂ ಉಂಟು, ಶ್ರೀಖಂಡವೂ ಉಂಟು. ನನ್ನ ಹೆಂಡತಿ ವನಮಾಲಾ ಶ್ರೀಖಂಡಕ್ಕೆ ಏಲಕ್ಕಿ ಕುಟ್ಟುತ್ತಿದ್ದಳು. ಅವಳ ತಂಗಿ ಇಂದೂ ಔರಂಗಾಬಾದಿನಿಂದ ಹಬ್ಬಕ್ಕೆ ಬಂದು ಬೇವಿನ ಹೂ ಬಿಡಿಸುತ್ತ ಕೂತಿದ್ದಳು. (ಇಂದಿನ ಛತ್ರಪತಿ ಸಂಭಾಜಿನಗರವನ್ನು ಆಗ ನಾವೆಲ್ಲ ಹಾಗೇ ಕರೆಯುತ್ತಿದ್ದೆವು.) ಕುಟ್ಟುವ ಸದ್ದಿನ ನಡುವೆ ವನಮಾಲಾ, ಹೋಗಿ ಒಂದು ಕಟ್ಟು ಕೊತ್ತಂಬರಿ ತರುತ್ತೇನೆ ಎನ್ನುವ ಧಾಟಿಯಲ್ಲಿ ಹೇಳಿದಳು:

"ಮೇ ತಿಂಗಳದಾಗ ನಾನೂ ಇಂದೂನೂ ನಾರ್ವೆಕ್ಕ ಹೋಗಿ ಬರೂದು ಅಂತ ಮಾಡೇವಿ. ಬರ್ಗನ್ ಅಂತ ಒಂದ್ ಊರದ, ಸಮುದ್ರದ ದಂಡಿಮ್ಯಾಲ. ನೀವೂ ಬರೂದಿದ್ರ ಬರ್ರಿ."

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಕೇಳಿಸಿದ್ದನ್ನು ನಂಬಲಾಗದಾಗ ಕನ್ನಡಕ ಒರೆಸುವುದು ನನ್ನ ಅಭ್ಯಾಸ. ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲವಂತೆ. ಯಾವ ದೇವರಿದೆ ಎಂದು ಕೇಳಿದೆ. ಹೆಸರು ಗೊತ್ತಿಲ್ಲವಂತೆ. ಹಾಗಿದ್ದರೆ ಹೋಗಿ ಮಾಡುವುದೇನು?

"ನಡ್ಯೂದು," ಎಂದಳು.

"ಎಲ್ಲಿಗೆ?"

"ಎಲ್ಲಿಗೂ ಇಲ್ಲರಿ. ಗುಡ್ಡದ ಮ್ಯಾಲ. ಮಳಿಯಾಗ."

ನನಗಾದ ಆಘಾತದ ಆಳ ತಿಳಿಯಬೇಕಾದರೆ ನಮ್ಮ ಮನೆತನದ ಪ್ರಯಾಣಶಾಸ್ತ್ರ ನಿಮಗೆ ಗೊತ್ತಿರಬೇಕು. ನಾವು ಹೋಗುವುದು ಎರಡೇ ಬಗೆಯ ಊರುಗಳಿಗೆ, ದೇವರಿರುವ ಊರು ಮತ್ತು ಬೀಗರಿರುವ ಊರು. ಎರಡೂ ಇಲ್ಲದ್ದು ಊರಲ್ಲ, ಗಾಡಿ ನೀರು ತುಂಬಿಕೊಳ್ಳಲು ನಿಲ್ಲುವ ಜಾಗ. ಹೋದಲ್ಲಿ ಮಾಡಬೇಕಾದದ್ದು ಕೂಡುವುದು. ಸೀಟು ಹಿಡಿದು ಕೂಡುವುದು, ಸರದಿಯಲ್ಲಿ ಕೂಡುವುದು, ಪಂಕ್ತಿಯಲ್ಲಿ ಕೂಡುವುದು, ಬೀಗರ ಪಡಸಾಲೆಯಲ್ಲಿ ಕೂತು ಅವರ ಮನೆಯ ಫ್ಯಾನು ಎಷ್ಟು ನಿಧಾನ ತಿರುಗುತ್ತದೆ ಎಂದು ಮನಸ್ಸಿನಲ್ಲಿಯೇ ತಪಾಸಣೆ ಮಾಡುವುದು. ಆದರೆ ಇಂದೂ ವಿವರಿಸಿದ ಪ್ರವಾಸದಲ್ಲಿ ಕೂಡುವುದೇ ನಿಷಿದ್ಧ. ಬೆಳಿಗ್ಗೆ ಎದ್ದು ಗುಡ್ಡ ಹತ್ತಬೇಕು. ಮಧ್ಯಾಹ್ನ ಸೈಕಲ್ ತುಳಿಯಬೇಕು. ಸಂಜೆ ಮನಸ್ಸಾದರೆ ದೋಣಿಗೆ ಹುಟ್ಟು ಹಾಕಬೇಕು, ಅದೂ ನಾವೇ. ಊರಿನ ಸುತ್ತ ಏಳು ಗುಡ್ಡಗಳಿವೆಯಂತೆ. ಏಳು ಗುಡ್ಡವೆಂದರೆ ತಿರುಪತಿಯ ಲೆಕ್ಕವೇ ಆಯಿತಲ್ಲ, ಮೇಲೆ ಹೋದರೆ ಏನಿದೆ ಎಂದು ಆಸೆಯಿಂದ ಕೇಳಿದೆ. ಮೇಲೆ ಹೋದರೆ ಮೋಡವಿದೆ ಎಂದಳು ಇಂದೂ.

ಈ ಇಂದೂ ಬಗ್ಗೆ ಒಂದು ಮಾತು. ಮದುವೆ ಗೊಡವೆಗೆ ಹೋಗದೆ ಔರಂಗಾಬಾದಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು. ಅವಳ ಅಧ್ಯಯನದ ವಿಷಯ ಪಾಚಿ. ಮರಾಠವಾಡೆಯಲ್ಲಿ ಕೂತು ಪಾಚಿಯ ಮೇಲೆ ಅಧ್ಯಯನ ಮಾಡುವುದು, ಜೈಸಲ್ಮೇರಿನಲ್ಲಿ ಕೂತು ಮೀನುಗಾರಿಕೆ ಕಲಿಸಿದ ಹಾಗೆ. ನಲ್ಲಿಯ ಕೆಳಗೂ ಅಲ್ಲಿ ಪಾಚಿ ಕಟ್ಟುವುದಿಲ್ಲ, ಏಕೆಂದರೆ ನಲ್ಲಿಯಲ್ಲಿ ನೀರಿರುವುದಿಲ್ಲ. ಹಿಂದೊಮ್ಮೆ ಪಾಚಿ ಪಂಡಿತರ ಸಮ್ಮೇಳನಕ್ಕೆಂದು ಬರ್ಗನ್ನಿಗೆ ಹೋಗಿ, ಸಭಾಂಗಣದ ಕಿಟಕಿಯಿಂದ ಹಸಿರು ಗುಡ್ಡಗಳನ್ನು ನೋಡುತ್ತ ಭಾಷಣ ಕೇಳಿ ಬಂದಿದ್ದಳು. ಆ ಗುಡ್ಡದ ಮೇಲೆ ಕಾಲಿಡದೆ ಬಂದೆನಲ್ಲ ಎಂಬ ಕೊರಗನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳು. ಕೊರಗು ಫೋನಿನಿಂದ ಹಬ್ಬುತ್ತದೆಂದು ನನಗೆ ಗೊತ್ತಿರಲಿಲ್ಲ.

ಇನ್ನು ವಸಂತದ ವಿಚಾರ. ಅಲ್ಲಿ ಮೇ ತಿಂಗಳು ವಸಂತವಂತೆ, ಮತ್ತು ಆ ವಸಂತದಲ್ಲಿ ಮಳೆ ಬರುತ್ತದಂತೆ. ಹೇಮಂತದಲ್ಲೂ ಬರುತ್ತದೆ, ಗ್ರೀಷ್ಮದಲ್ಲೂ ಬರುತ್ತದೆ, ಆ ಊರಿನಲ್ಲಿ ಮಳೆಗೆ ಬೇರೆ ಕೆಲಸವಿಲ್ಲ ಎಂದು ಇಂದೂ ಹೆಮ್ಮೆಯಿಂದ ಹೇಳಿದಳು. ನಮ್ಮಲ್ಲಿ ವಸಂತವೆಂದರೆ ಮಾವಿನಕಾಯಿ ಕೋಸಂಬರಿ, ಪಾನಕ, ಚೈತ್ರಗೌರಿಯ ಅರಿಸಿನ-ಕುಂಕುಮ, ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ. ನಾಲ್ಕು ಮನೆಯ ಹೆಂಗಸರು ಸೇರಿ ಲಟ್ಟಿಸಿದ ಹಪ್ಪಳ ಹಳೆಯ ಸೀರೆಯ ಮೇಲೆ ಒಣಗುತ್ತಿರುತ್ತದೆ, ನಾವು ಗಂಡಸರು ಕಾಗೆ ಓಡಿಸುವ ನೆಪದಲ್ಲಿ ಅಂಚಿನ ಹಪ್ಪಳಗಳ ಹಸಿ ರುಚಿ ನೋಡುತ್ತಿರುತ್ತೇವೆ. ಇಂಥ ಋತುವನ್ನು ಬಿಟ್ಟು, ದುಡ್ಡು ಕೊಟ್ಟು, ಹೋಗಿ ತೋಯಿಸಿಕೊಂಡು ಬರುವುದೆಂದರೇನು?

ಮಳೆಯ ಬಗ್ಗೆ ನನಗೆ ವೈರವಿಲ್ಲ. ಗದಗಿನ ಸೀಮೆಯ ಎರೆಮಣ್ಣಿನಲ್ಲಿ ಬೆಳೆದವನಿಗೆ ಮಳೆಯೆಂದರೆ ರಜೆ. ನಾಲ್ಕು ಹನಿ ಬಿದ್ದರೆ ಸಾಕು, ನೆಲ ಚಪ್ಪಲಿಯನ್ನು ಹಿಡಿದುಕೊಂಡು ಬಿಡುತ್ತಿರಲಿಲ್ಲ. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಹತ್ತಿ, ಸಾಲಿ ಮುಟ್ಟುವಷ್ಟರಲ್ಲಿ ನಾವೆಲ್ಲ ಗೇಣುದ್ದ ಬೆಳೆದಿರುತ್ತಿದ್ದೆವು. ನಮ್ಮ ಅಪ್ಪ ಚಪ್ಪಲಿ ಕಳೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಮದುವೆಗೆ ಕರೆಯಲು ಹೊರಟವರಂತೆ ಗಂಭೀರವಾಗಿ ನಡೆಯುತ್ತಿದ್ದರು. ಮಾಸ್ತರರು ಮಾತ್ರ ಬರುತ್ತಲೇ ಇರಲಿಲ್ಲ, ಅವರ ಹೊಲವೂ ಎರೆಹೊಲವೇ ಆದ್ದರಿಂದ. ಅಂದಿನಿಂದಲೂ ಮಳೆ ಬಂದರೆ ಮನೆಯಲ್ಲಿ ಕೂತು ಹುರಿದ ಶೇಂಗಾ ತಿನ್ನಬೇಕೆಂಬುದು ನನ್ನ ಮತ. ಅದನ್ನು ಬದಲಿಸಲು ಯಾವ ಹವಾಮಾನಕ್ಕೂ ಸಾಧ್ಯವಾಗಿಲ್ಲ.

ಎರಡನೆಯ ಅಭಿಪ್ರಾಯಕ್ಕೆಂದು ನಾಸಿಕ್ ರೋಡಿನಲ್ಲಿ ಹೋಟೆಲು ನಡೆಸುವ ಭಟ್ಟರ ಹತ್ತಿರ ಹೋದೆ. ಭಟ್ಟರು ಕುಂದಾಪುರದ ಕಡೆಯವರು, ಸ್ಟೇಶನ್ನಿನ ಜನಕ್ಕೆ ಇಡ್ಲಿ ಹಾಕುತ್ತ ಅರ್ಧ ಆಯುಷ್ಯ ಕಳೆದವರು. ವಿಷಯ ಕೇಳಿದ ಮೇಲೆ ಅವರು ಗಲ್ಲಾಪೆಟ್ಟಿಗೆಯನ್ನು ಮುಚ್ಚಿದರು. ಗಿರಾಕಿಗಳಿದ್ದಾಗ ಅವರು ಅದನ್ನು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

"ಮಳೆ ನೋಡ್ಲಿಕ್ಕೆ ಅಲ್ಲಿವರೆಗೆ ಹೋಗುದಾ ಮಾರಾಯ್ರೆ?" ಎಂದರು. "ಜುಲೈಯಲ್ಲಿ ನಮ್ಮನೆಗೆ ಬನ್ನಿ. ಹಾಸಿಗೆ ಒಳಗೆ ಸಹಾ ಬರ್ತದೆ."

ಹೀಗೆ ಲೋಕಾಭಿಪ್ರಾಯ ನನ್ನ ಕಡೆಗಿತ್ತು. ಆದರೂ ಲೋಕಾಭಿಪ್ರಾಯದಿಂದ ಮನೆ ನಡೆಯುವುದಿಲ್ಲ ಎಂಬುದು ನಿಮಗೂ ಗೊತ್ತು. ವನಮಾಲಾ ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವವಳಲ್ಲ. ಬರುವುದಿದ್ದರೆ ಬರ್ರಿ ಎಂದಿದ್ದಳು, ಮುಗಿಯಿತು. ನಾನು ಬೇಡವೆಂದರೆ ಅವಳು ಬಹುಶಃ ನಿಂತುಬಿಡುತ್ತಿದ್ದಳು. ನಿಂತು, ಆಮೇಲೆ ಹದಿನೈದು ವರ್ಷ ಏನೂ ಅನ್ನದೆ ಇರುತ್ತಿದ್ದಳು. ಹೋಗು ಎಂದರೆ ನನ್ನನ್ನು ಬಿಟ್ಟು ಹೋಗುತ್ತಿದ್ದಳು. ಈ ಎರಡರಲ್ಲಿ ಯಾವುದು ಹೆಚ್ಚು ಕಷ್ಟವೆಂದು ನಿರ್ಧರಿಸಲಾಗದೆ, ನಾನು ಕಾರ್ಖಾನೆಯಲ್ಲಿ ಕಲಿತ ದಾರಿಯನ್ನೇ ಹಿಡಿದೆ. ತಪಾಸಣೆಯವನು ಎಂದೂ ಬೇಡ ಎನ್ನುವುದಿಲ್ಲ. ಪರೀಕ್ಷೆಯಾಗಲಿ ಎನ್ನುತ್ತಾನೆ. ವಿಮಾನ ಹಾರುವ ಮುನ್ನ ಅದನ್ನು ನೆಲದ ಮೇಲೆಯೇ ನಿಲ್ಲಿಸಿ ಎಂಜಿನ್ ಚಾಲೂ ಮಾಡಿ ನೋಡುವ ಪದ್ಧತಿಯಿದೆ, ಗ್ರೌಂಡ್ ರನ್ ಎನ್ನುತ್ತಾರೆ. ನೆಲದ ಮೇಲೆ ನಡುಗಿದ್ದು ಆಕಾಶಕ್ಕೆ ಹೋಗುವುದಿಲ್ಲ. ಹಾಗೆಯೇ ಪ್ರವಾಸಕ್ಕೂ ಒಂದು ಗ್ರೌಂಡ್ ರನ್ ಆಗಲಿ, ಔರಂಗಾಬಾದಿಗೆ ಬರುತ್ತೇವೆ, ಮೊದಲ ದಿನ ಮಳೆಯಂಗಿಗಳ ಪರೀಕ್ಷೆ, ಮರುದಿನ ಅಲ್ಲೇ ಹತ್ತಿರದ ದೇವಗಿರಿಯ ಕೋಟೆ ಹತ್ತುವ ಪರೀಕ್ಷೆ ಎಂದು ಘೋಷಿಸಿದೆ. ಏಪ್ರಿಲ್ ತಿಂಗಳಲ್ಲಿ ಆ ಕೋಟೆ ಹತ್ತಿದವರು ಪ್ರವಾಸದ ಹೆಸರೆತ್ತುವುದಿಲ್ಲ ಎಂಬುದು ನನ್ನ ಗುಪ್ತ ಲೆಕ್ಕ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ನನಗೆ ಸಂಶಯ ಬರಬೇಕಿತ್ತು.

ಎಸ್‌ಟಿ ಬಸ್ಸಿನಲ್ಲಿ ಯೇವಲೆ, ವೈಜಾಪುರ ದಾಟಿ, ಬಿಸಿ ತಗಡಿನ ವಾಸನೆ ಕುಡಿಯುತ್ತ ಇಂದೂ ಮನೆ ಮುಟ್ಟಿದೆವು. ಅವಳು ಎರಡು ಮಳೆಯಂಗಿ, ಎರಡು ಸರಸರ ಪ್ಯಾಂಟು ತರಿಸಿಟ್ಟಿದ್ದಳು. ಅಂಗಡಿಯವನು ನೀರು ಇಳಿಯುವುದಿಲ್ಲ ಎಂದಿದ್ದಾನಂತೆ. ಅಂಗಡಿಯವನ ಮಾತಿನ ಮೇಲೆ ನಾನು ನನ್ನ ಸೇವಾವಧಿಯಲ್ಲಿ ಒಂದು ಮೊಳೆಯನ್ನೂ ಪಾಸು ಮಾಡಿದವನಲ್ಲ. ವಿಮಾನದ ಗಾಜಿನ ಮುಚ್ಚಳಕ್ಕೆ ನಾವು ನೀರು ಹಾಯಿಸಿ ಸೋರಿಕೆ ನೋಡುತ್ತಿದ್ದೆವು. ಅದೇ ಕ್ರಮದಲ್ಲಿ ವನಮಾಲಾಳನ್ನು ಪೂರ್ತಿ ಮಳೆಯುಡುಪಿನಲ್ಲಿ ಮಾಳಿಗೆಯ ನಡುವೆ ನಿಲ್ಲಿಸಿದೆ. ಮೇಲಿನ ನೀರಿನ ಟಾಕಿಗೆ ರಬ್ಬರ್ ಪೈಪು ಜೋಡಿಸಿದೆ. ಇಂದೂ ಆಗ ಕಾಲೇಜಿನಲ್ಲಿದ್ದಳು, ಇದ್ದಿದ್ದರೆ ತಡೆಯುತ್ತಿದ್ದಳು.

ನೆತ್ತಿಯ ಮೇಲೆ ಸೂರ್ಯ, ಕಾಲ ಕೆಳಗೆ ಕಾದ ಗಚ್ಚು, ನಡುವೆ ಕೆಂಪು ಮಳೆಯಂಗಿ ತೊಟ್ಟು ಟೊಪ್ಪಿಗೆ ಎಳೆದುಕೊಂಡ ನನ್ನ ಧರ್ಮಪತ್ನಿ. ನಾನು ಮೊದಲು ಭುಜದ ಹೊಲಿಗೆ, ಆಮೇಲೆ ತೋಳು, ಆಮೇಲೆ ಬೆನ್ನು ಎಂದು ಶಾಸ್ತ್ರೋಕ್ತವಾಗಿ ನೀರು ಬಿಟ್ಟೆ. ಗಾಳಿಯ ಜೊತೆ ಓರೆ ಬರುವ ಮಳೆಯನ್ನೂ ಬಿಟ್ಟೆ. ಒಳಗಿನಿಂದ ವನಮಾಲಾ, ಇನ್ನೂ ಎಷ್ಟು ಹೊತ್ತು, ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು. ಸೋರಿಕೆ ಕಾಣಲಿಲ್ಲ. ಕಾಣುವವರೆಗೆ ನೋಡುವುದು ನಮ್ಮ ವಿಭಾಗದ ಧರ್ಮ. ನಾನು ಗಮನಿಸದೇ ಹೋದದ್ದು ಒಂದೇ ಸಂಗತಿ. ಗಂಗಾಪುರ ಆಣೆಕಟ್ಟಿನ ನೀರು ಕುಡಿಯುವ ನಾಸಿಕದವನಿಗೆ ಟಾಕಿಯೆಂದರೆ ತಾನಾಗಿ ತುಂಬುವ ವಸ್ತು. ಇಂದೂ ಊರಿನಲ್ಲಿ ಆ ಬೇಸಿಗೆ ಟಾಕಿಯೆಂದರೆ ಠೇವಣಿ. ಟ್ಯಾಂಕರ್ ಯಾವಾಗ ಬರುತ್ತದೋ ದೇವರೇ ಬಲ್ಲ ಎಂದು ಇಡೀ ಕಟ್ಟಡದವರು ಲೋಟದ ಲೆಕ್ಕದಲ್ಲಿ ಬಳಸುತ್ತಿದ್ದ ನೀರದು.

ಮೊದಲು ಮಾಳಿಗೆಯ ಕೊಳವೆಯಿಂದ ನೀರು ಅಂಗಳಕ್ಕೆ ಸುರಿದ ಸದ್ದಿಗೆ ಕೆಳಗಿನ ಮನೆಯ ಅಜ್ಜಿ ಹೊರಬಂದರು. ಅವರ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಎಲ್ಲರೂ ನಿಂತರು. ಚೈತ್ರಮಾಸದಲ್ಲಿ, ಬಿರುಬಿಸಿಲಿನಲ್ಲಿ, ಮಳೆಯಂಗಿ ತೊಟ್ಟ ಹೆಂಗಸಿಗೆ ಮುದುಕನೊಬ್ಬ ಪೈಪಿನಿಂದ ನೀರು ಹಾಕುತ್ತ ಕಿವಿಯ ಸಂದಿಯನ್ನು ಬಗ್ಗಿ ಪರೀಕ್ಷಿಸುತ್ತಿದ್ದರೆ ಯಾವ ಭಾಷೆಯಲ್ಲಿಯೂ ತಟ್ಟನೆ ಮಾತು ಬರುವುದಿಲ್ಲ. ಕೊನೆಗೆ ಅಜ್ಜಿಯೇ ಬಾಯಿ ತೆರೆದರು.

"ಹಾ ಕಸಲಾ ಪಾವೂಸ್, ಬಾಬಾ?" ಇದೆಂಥ ಮಳೆಯಪ್ಪಾ ಎಂದು ಅವರು ಕೇಳಿದ್ದರಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು. ಆ ಕ್ಷಣಕ್ಕೆ ಪೈಪು ಎರಡು ಸಲ ಕೆಮ್ಮಿ ನಿಂತಿತು. ಟಾಕಿ ಬರಿದಾಗಿತ್ತು.

ಆಮೇಲಿನದನ್ನು ನಾನು ಸಂಕ್ಷೇಪದಲ್ಲಿ ಮುಗಿಸುತ್ತೇನೆ. ಇಂದೂ ತನ್ನ ಮನೆಯ ಹಂಡೆ, ಬಕೀಟು, ಡಬ್ಬಿಗಳಲ್ಲಿ ತುಂಬಿಟ್ಟ ನೀರನ್ನೆಲ್ಲ ಮನೆಮನೆಗೆ ಹಂಚಬೇಕಾಯಿತು. ಹಂಚಿದವಳು ವನಮಾಲಾ. ಮಳೆಯಂಗಿ ಕಳಚಲೂ ನಿಲ್ಲದೆ, ಎರಡೂ ಕೈಯಲ್ಲಿ ಬಕೀಟು ಹಿಡಿದು, ಒಂದೊಂದು ಅಂತಸ್ತಿಗೂ ಇಳಿದು ಹತ್ತಿ ಇಳಿದಳು. ನಾನು ಸಹಾಯಕ್ಕೆಂದು ಒಂದು ಬಿಂದಿಗೆ ಎತ್ತಿ, ಎರಡನೆಯ ಮಹಡಿಯಲ್ಲಿ ದಮ್ಮು ಹತ್ತಿ, ಅದನ್ನು ಎತ್ತಿ ತಂದ ಮನೆಯಲ್ಲಿಯೇ ಮರಳಿ ಇಟ್ಟೆ. ಅವಳಿಗೆ ದಮ್ಮು ಹತ್ತಲಿಲ್ಲ. ಬೆವರು ಮಾತ್ರ ಅಂಗಿಯೊಳಗಿನಿಂದ ಪಾದದ ಜಿಪ್ಪಿನವರೆಗೆ ಇಳಿದಿತ್ತು. ಒಂದು ಹನಿಯೂ ಹೊರಗೆ ಬಂದಿರಲಿಲ್ಲ. ಮಳೆಯಂಗಿ ಪಾಸಾಗಿತ್ತು.

ಮರುದಿನ ಬೆಳಿಗ್ಗೆ ಕೋಟೆ. ಹೊರಡುವಾಗ ವನಮಾಲಾ ಕೋಣೆಯಿಂದ ಹೊರಗೆ ಬಂದದ್ದನ್ನು ನೋಡಿ ಇವರು ಯಾರೋ ಇಂದೂ ಕಾಲೇಜಿನವರಿರಬೇಕು ಎಂದು ಎದ್ದು ನಮಸ್ಕಾರ ಮಾಡುವವನಿದ್ದೆ. ಹಿಂದಿನ ದಿನದ ಮಳೆಯುಡುಪನ್ನು ಬಿಟ್ಟರೆ, ಲಗ್ನದ ಮಂಟಪದಿಂದ ಅಂದಿನವರೆಗೆ ನಾನು ಅವಳನ್ನು ಸೀರೆಯಲ್ಲಲ್ಲದೆ ಕಂಡವನಲ್ಲ. ಈಗ ಸಡಿಲ ಪ್ಯಾಂಟು, ಮೊಣಕಾಲ ಮಟ್ಟದ ಅಂಗಿ, ಕಾಲಿಗೆ ಲೇಸು ಕಟ್ಟಿದ ಬೂಟು. ಬೂಟು ಹೊಸದಲ್ಲ, ಸವೆದಿತ್ತು. ಮೂವತ್ತು ವರ್ಷ ಸವೆತ ನೋಡಿ ಅನ್ನ ಉಂಡವನು, ಹಿಮ್ಮಡಿಯ ಸವೆತ ನೋಡಿದರೆ ಎಷ್ಟು ದಿನ ಓಡಿದ ಮಾಲು ಎಂದು ಹೇಳಬಲ್ಲೆ. ಈ ಬೂಟು ಬಹಳ ಓಡಿತ್ತು. ಆದರೆ ನಮ್ಮ ಮನೆಯಲ್ಲಿ ಅದನ್ನು ನಾನು ಕಂಡಿರಲೇ ಇಲ್ಲ.

ಇಂದೂ ಬಾಯಿ ಬಿಟ್ಟಳು. ಅಕ್ಕ ವರ್ಷದಿಂದ ದಿನಾ ಬೆಳಿಗ್ಗೆ ನಾಸಿಕದ ಪಾಂಡವಲೇಣಿಯ ಗುಡ್ಡ ಹತ್ತುತ್ತಾಳೆ, ಬೂಟು ಗೆಳತಿಯ ಮನೆಯಲ್ಲಿರುತ್ತದೆ ಎಂದಳು. ನಾನು ವನಮಾಲಾಳನ್ನು ನೋಡಿದೆ. ಬೆಳಿಗ್ಗೆ ನೀನು ಹೋಗುವುದು ಭಜನಾ ಮಂಡಳಿಗಲ್ಲವೇ ಎಂದೆ.

"ಅವ್ರೆಲ್ಲಾ ಬರ್ತಾರಲ್ರಿ ಗುಡ್ಡಕ್ಕ," ಎಂದಳು. "ಹತ್ತೂದು ಮೊದಲ, ಭಜನಿ ಆಮ್ಯಾಲ. ಹತ್ತಿದ ಮ್ಯಾಲ ಯಾರಿಗೂ ಹಾಡಾಕ ಉಸರ ಇರಂಗಿಲ್ಲ."

ವರ್ಷವಿಡೀ ಭಜನೆಗೆ ಹೋದ ಹೆಂಡತಿಯ ಬಾಯಲ್ಲಿ ಹೊಸದಾಗಿ ಒಂದು ಹಾಡೂ ಬಂದಿರಲಿಲ್ಲ. ತಪಾಸಣಾ ವಿಭಾಗದ ನಿವೃತ್ತ ಹಿರಿಯನಿಗೆ ಇದು ಹೊಳೆಯಬೇಕಿತ್ತು. ಎದುರುಮನೆಯ ಗೋಡೆ ಓರೆಯಾದದ್ದು ಕಂಡಿತ್ತು, ಇದು ಕಂಡಿರಲಿಲ್ಲ.

ದೇವಗಿರಿಯ ಕೋಟೆಯನ್ನು ಕಟ್ಟಿದವರು ಬಂದವರನ್ನು ಮೇಲೆ ಬಿಡಬಾರದೆಂಬ ಒಂದೇ ಉದ್ದೇಶದಿಂದ ಕಟ್ಟಿದ್ದಾರೆ. ನನ್ನ ಮಟ್ಟಿಗೆ ಅವರ ಶ್ರಮ ಸಾರ್ಥಕವಾಯಿತು. ಕಂದಕ ದಾಟಿದೆ. ಬಾವಲಿಗಳ ವಾಸನೆಯ ಕತ್ತಲ ಸುರಂಗವನ್ನು, ಮುಂದಿದ್ದ ಇಂದೂ ದುಪಟ್ಟಾ ಹಿಡಿದುಕೊಂಡು ದಾಟಿದೆ. ಹೊರಗೆ ಬಂದರೆ ಮತ್ತೆ ಮೆಟ್ಟಿಲು, ಬಿಸಿಲು, ಮತ್ತೆ ಮೆಟ್ಟಿಲು. ಗಣಪತಿಯ ಗುಡಿ ಬರುವಷ್ಟರಲ್ಲಿ ನನ್ನ ಮೊಣಕಾಲುಗಳು ಬೇರೆ ಬೇರೆ ಅಭಿಪ್ರಾಯಗಳನ್ನು ವ್ಯಕ್ತಪಡಿಸತೊಡಗಿದ್ದವು. ದೇವರ ದರ್ಶನ ಸಾವಕಾಶವಾಗಿ ಆಗಬೇಕೆಂದು ಹೇಳಿ ಕಟ್ಟೆಯ ಮೇಲೆ ಕುಳಿತೆ. ಅಕ್ಕತಂಗಿಯರು ನನ್ನ ಭಕ್ತಿಯನ್ನು ಪ್ರಶ್ನಿಸದೆ ಮೇಲೆ ಹೋದರು. ಸೌತೆಕಾಯಿ ಮಾರುವ ಹೆಂಗಸೊಬ್ಬಳು ನನ್ನ ಬಣ್ಣ ನೋಡಿ, ಕೇಳದೆಯೇ ಒಂದು ಹೋಳನ್ನು ಉಪ್ಪು ಹಚ್ಚಿ ಕೊಟ್ಟು, ಮನೆಯವರು ಎಲ್ಲಿ ಎಂದು ವಿಚಾರಿಸಿದಳು. ಮೇಲೆ ಎಂದು ಬೆರಳು ತೋರಿಸಿದೆ. ಅವಳು ಮೇಲೆ ನೋಡಿದಳು. ಬಂಡೆಯ ಅಂಚಿನಲ್ಲಿ ಎರಡು ಸಣ್ಣ ಆಕೃತಿಗಳು ತಿರುಗಿ ನೋಡದೆ ಏರುತ್ತಿದ್ದವು.

ವನಮಾಲಾ ಇಳಿದು ಬಂದು ನನ್ನ ಪಕ್ಕ ಕೂತು ಬೂಟಿನ ಲೇಸು ಸಡಿಲಿಸಿದಳು. ಇಂದೂ ಗೋಡೆಯ ಬಿರುಕಿನಲ್ಲಿ ಏನೋ ಹಸಿರು ಕಂಡಿತೆಂದು ಹಿಂದೆ ಉಳಿದಿದ್ದಳು. ಸೌತೆಕಾಯಿಯ ಉಳಿದರ್ಧ ಅವಳ ಕೈಗೆ ಕೊಟ್ಟು, ನಡೆಯುವುದಿದ್ದರೆ ಮಹಾಬಳೇಶ್ವರದಲ್ಲಿ ನಡೆಯಬಹುದು, ಗುಡ್ಡ ನಾಸಿಕದಲ್ಲೂ ಇದೆ, ಅಷ್ಟು ದೂರ ಹೋಗಿ ಮಳೆಯಲ್ಲೇ ಯಾಕೆ ನಡೆಯಬೇಕು ಎಂದು ಕೇಳಿದೆ. ಅಷ್ಟು ದಿನ ವಾದ ಮಾಡಿದ್ದೆ, ಕೇಳಿರಲಿಲ್ಲ.

ಅವಳು ಸೌತೆಕಾಯಿ ತಿಂದು ಮುಗಿಸಿ ಹೇಳಿದಳು.

"ಮಳಿ ಅಂದ್ರ ನಂಗ ಏನ್ ಗೊತ್ತದ ಹೇಳ್ರಿ. ಸಣ್ಣಾಕಿದ್ದಾಗ ನಾಕ್ ಹನಿ ಬಿದ್ರ, ವನೂ ಓಡು, ಸಗಣಿ ಕುಳ್ಳು ಒಳಗ ಹಾಕು ಅಂತಿದ್ರು. ಲಗ್ನಾದ ಮ್ಯಾಲ ಅರಿವಿ ತಗಿ, ಖಿಡಕಿ ಹಾಕು, ಹಪ್ಪಳಾ ಎತ್ತು. ನೀವು ಶೇಂಗಾ ಹುರಿ ಅಂತೀರಿ. ಮಳಿ ಬಂದಾಗೆಲ್ಲಾ ನಾ ಓಡೀನ್ರಿ, ಒಮ್ಮೆನೂ ನಿಂತು ನೋಡಿಲ್ಲ. ಒಂದ್ ಸಲಾ ಮಳಿಯಾಗ ಸಾವಕಾಶ ನಡೀಬೇಕು ಅನಸ್ತದ. ಆ ಊರಾಗ ನಮ್ಮದೇನೂ ಒಣಗಾಕ ಹಾಕಿರಂಗಿಲ್ಲ."

ಯುಗಾದಿಯಿಂದ ನನಗೆ ಆಘಾತಗಳ ಮೇಲೆ ಆಘಾತಗಳಾಗಿದ್ದವು. ಅವುಗಳನ್ನೆಲ್ಲ ನಾನು ಗಟ್ಟಿಯಾಗಿ ಅನುಭವಿಸಿ, ಭಟ್ಟರಿಗೆ ಹೇಳಿ, ಒಂದಿಷ್ಟು ಹಗುರ ಮಾಡಿಕೊಂಡಿದ್ದೆ. ಇದನ್ನು ಯಾರಿಗೂ ಹೇಳಲು ಆಗಲಿಲ್ಲ. ಬಸ್ಸಿನಲ್ಲಿ ವೈಜಾಪುರ ಬರುವವರೆಗೂ ನಮ್ಮ ಮನೆಗೆ ಬಂದ ಮಳೆಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಎಲ್ಲ ಮಳೆಯಲ್ಲಿಯೂ ನಾನು ಕುರ್ಚಿಯ ಮೇಲಿದ್ದೆ, ಅಂಗೈಯಲ್ಲಿ ಬಿಸಿ ಶೇಂಗಾ ಇತ್ತು, ಮತ್ತು ಮಾಳಿಗೆಯ ಮೆಟ್ಟಿಲ ಮೇಲೆ ಯಾರೋ ಓಡುವ ಸದ್ದು ಇತ್ತು.

ನಾಸಿಕಕ್ಕೆ ಮರಳಿ ಬಂದ ಮೇಲೆ ನಾನು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವಳೂ ಕೇಳಲಿಲ್ಲ. ಹಪ್ಪಳದ ಕೆಲಸ ಶುರುವಾಯಿತು. ಒಂದು ಮಧ್ಯಾಹ್ನ ಅವಳು ಹಿಂದಿನ ಓಣಿಯ ಮನೆಗೆ ಚೈತ್ರಗೌರಿಯ ಅರಿಸಿನ-ಕುಂಕುಮಕ್ಕೆ ಹೋಗುತ್ತ, ಕಾಗೆ ನೋಡಿಕೊಳ್ಳಿ ಎಂದು ಹೇಳಿ ಹೋದಳು. ನಾನು ಮಾಳಿಗೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಚಾಂದವಡದ ದಿಕ್ಕಿನಿಂದ ಒಂದು ಕಪ್ಪು ಮೋಡ ಎದ್ದಿತು. ಮೊದಲು ಗಾಳಿ ಬಂತು, ಅದರ ಬೆನ್ನಿಗೆ ಮಣ್ಣಿನ ವಾಸನೆ. ಹೊತ್ತಲ್ಲದ ಹೊತ್ತಿನಲ್ಲಿ ಬರುವ ಇಂಥ ಮಳೆಗೆ ಇಲ್ಲಿಯ ಜನ ಅವಕಾಳಿ ಎನ್ನುತ್ತಾರೆ. ದ್ರಾಕ್ಷಿ, ಉಳ್ಳಾಗಡ್ಡಿ ಬೆಳೆದವರು ಆ ಮಾತನ್ನು ಜೋರಾಗಿ ಆಡುವುದೂ ಇಲ್ಲ.

ಆ ದಿನ ನಾನು ಕುರ್ಚಿಯಿಂದ ಎದ್ದೆ. ಇದನ್ನು ಇತಿಹಾಸದಲ್ಲಿ ದಾಖಲಿಸಲು ಬೇರೆ ಯಾರೂ ಅಲ್ಲಿರಲಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಅವಳು ಓಡಿ ಬರುವ ಪ್ರಸಂಗವೇ ಬರಬಾರದು, ಅವಳು ಅಲ್ಲಿ ಕೂತು ಕೋಸಂಬರಿ ತಿನ್ನುತ್ತಿರಲಿ, ಹಪ್ಪಳವೆಲ್ಲ ನಾನೇ ಒಳಗೆ ಹಾಕುತ್ತೇನೆ ಎಂದು ಪಣ ತೊಟ್ಟೆ. ಬಗ್ಗಿ ಒಂದೊಂದೇ ಹಪ್ಪಳವನ್ನು ಎತ್ತತೊಡಗಿದೆ. ಒಣಗಿದ್ದು ಒಂದು ಕಡೆ, ಹಸಿಯಿದ್ದದ್ದು ಒಂದು ಕಡೆ, ಅಂಚು ಸೀಳಿದ್ದು ಬೇರೆ. ಮೂವತ್ತು ವರ್ಷದ ಕೈ, ವಿಂಗಡಿಸದೆ ಏನನ್ನೂ ಎತ್ತಲಾರದು. ಎರಡು ಸಾಲು ಮುಗಿಯುವಷ್ಟರಲ್ಲಿ ಹನಿಗಳು ರೂಪಾಯಿಯಗಲ ಬಿದ್ದವು.

ಆಗ ಮೆಟ್ಟಿಲ ಮೇಲೆ ಅದೇ ಸದ್ದು ಕೇಳಿಸಿತು. ವನಮಾಲಾ ರೇಶ್ಮೆ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಹಣೆಯ ಮೇಲೆ ಹಸಿ ಕುಂಕುಮ ಇಳಿಯುತ್ತಿರುವಂತೆಯೇ ಬಂದಳು. ನನ್ನ ವಿಂಗಡಣೆಯನ್ನು ಒಂದು ಸಲ ನೋಡಿದಳು. ಹಾಸಿದ ಹಳೆಯ ಸೀರೆಯ ನಾಲ್ಕೂ ಮೂಲೆ ಹಿಡಿದು ಒಂದೇ ಎಳೆತಕ್ಕೆ ಎಲ್ಲವನ್ನೂ ಗಂಟು ಮಾಡಿ ಒಳಗೆ ಎಸೆದಳು. ಎರಡನೆಯ ಸೀರೆಯನ್ನೂ ಹಾಗೆಯೇ. ನನ್ನ ಕೈಯಲ್ಲಿ ಅಂಚು ಸೀಳಿದ ಹಪ್ಪಳಗಳು ಉಳಿದವು, ಅವು ನೋಡನೋಡುತ್ತ ಹಿಟ್ಟಾದವು.

ಮೆಟ್ಟಿಲ ಮೇಲಿನ ತಗಡಿನ ಕೆಳಗೆ ಇಬ್ಬರೂ ನಿಂತೆವು. ಇಬ್ಬರೂ ಪೂರ್ತಿ ತೋಯ್ದಿದ್ದೆವು. ತಗಡಿನ ಮೇಲಿನ ಸದ್ದಿಗೆ ಓಣಿಯ ಬೇರೆ ಸದ್ದೇ ಕೇಳಿಸುತ್ತಿರಲಿಲ್ಲ. ಅವಳು ಸೆರಗು ಹಿಂಡುತ್ತಿದ್ದಳು. ಏನಾದರೂ ಹೇಳಬೇಕಲ್ಲ, ಹಳೆಯ ಅಭ್ಯಾಸಕ್ಕೆ ವಾದವೇ ಬಾಯಿಗೆ ಬಂತು. ಮಳೆ ಇಲ್ಲೇ ಸಿಕ್ಕಿತಲ್ಲ, ಚೈತ್ರದಲ್ಲೇ ಸಿಕ್ಕಿತಲ್ಲ, ಇನ್ನು ನಾರ್ವೆ ಯಾಕೆ ಎಂದೆ.

"ಈಗೂ ಓಡೇ ಬಂದೆನಲ್ರಿ," ಎಂದಳು.

ಹಿಂಡಿದ ಸೆರಗಿನಿಂದ ನೀರು ಮೆಟ್ಟಿಲಿಗೆ ಬಿತ್ತು. ಕೈಗೆ ಅಂಟಿದ್ದ ಹಪ್ಪಳದ ಹಿಟ್ಟನ್ನು ಒರೆಸಿಕೊಳ್ಳುತ್ತ, ನಾನೂ ಬರುತ್ತೇನೆ ಎಂದೆ. ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ನನ್ನ ಮೊಣಕಾಲುಗಳನ್ನು ಬಹಳ ಹೊತ್ತು ನೋಡಿದಳು. ನನ್ನ ಇಡೀ ಸೇವಾವಧಿಯಲ್ಲಿ ಅಷ್ಟು ಕಟ್ಟುನಿಟ್ಟಾಗಿ ನಾನು ವಿಮಾನದ ಯಾವ ಭಾಗವನ್ನೂ ನೋಡಿರಲಿಕ್ಕಿಲ್ಲ.

"ಬರ್ರಿ," ಎಂದಳು. "ಆದ್ರ ಅಲ್ಲಿ ಛತ್ರಿ ಹಿಡ್ಕೊಂಡು ನನ್ನ ಹಿಂದ ಓಡಿ ಬರಬ್ಯಾಡ್ರಿ."